ಪೂಜೆಗೆ ಕೂರಿಸದ ಜಾಕಿ

೧೯೯೮ರಲ್ಲಿ ನಾನು ಪೂರ್ವ ಬೆಂಗಳೂರಿನ ಒಂದು ರಸ್ತೆ ಕಾಮಗಾರಿಯಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಕಾಮಗಾರಿಯ ಹೆಸರು ಕಾಗದದ ಮೇಲೆ ಎರಡು ಸಾಲು ಹಿಡಿಯುತ್ತಿತ್ತು, ರಸ್ತೆ ಮಾತ್ರ ಆರುನೂರು ಮೀಟರ್. ಕೆ.ಆರ್. ಪುರದ ಕಡೆಯಿಂದ ಬರುವಾಗ ಟಿನ್ ಫ್ಯಾಕ್ಟರಿಗೆ ಸ್ವಲ್ಪ ಮುಂಚೆ ಹಳೆ ಮದರಾಸು ರಸ್ತೆಯಿಂದ ಕವಲೊಡೆದು, ಎರಡು ಗೋಡೆಗಳ ನಡುವೆ ಮೇಲೇರಿ, ರೈಲು ಹಳಿಯ ಪಕ್ಕದಲ್ಲಿ ಏಳು ಸ್ಪ್ಯಾನ್‌ಗಳಷ್ಟು ದೂರ ಕಂಬಗಳ ಮೇಲೆ ಹೋಗಿ, ಮತ್ತೆ ನೆಲಕ್ಕಿಳಿಯುವ ಒಂದು ತುಂಡು ಅದು. ಎರಡು ಕಂಬಗಳ ನಡುವಿನ ಸೇತುವೆಯ ಭಾಗಕ್ಕೆ ನಾವು ಸ್ಪ್ಯಾನ್ ಅನ್ನುತ್ತೇವೆ. ಮೂಲ ನಕ್ಷೆಯಲ್ಲಿ ರಸ್ತೆ ಅಲ್ಲಿ ಇಳಿಯುವುದಿರಲಿಲ್ಲ. ಹಳಿಯನ್ನೇ ಹಿಡಿದು ಇಂದಿರಾನಗರದ ಹಿಂಭಾಗದವರೆಗೆ ಹೋಗಬೇಕಿತ್ತು. ಮೊದಲ ಹಂತ ಎಂದು ಶುರುವಾದದ್ದು ಮೊದಲ ಹಂತದಲ್ಲೇ ನಿಂತುಹೋಯಿತು. ಇಂಥ ಕವಲನ್ನು ಎಂಜಿನಿಯರುಗಳು ಸ್ಪರ್ ಎಂದು ಕರೆದರೆ, ನಮ್ಮ ಕೂಲಿಯವರು ಅದಕ್ಕೆ ಆಗಲೇ 'ಮೋಟು ರೋಡು' ಎಂದು ಹೆಸರಿಟ್ಟಾಗಿತ್ತು.

ನಾನು ಗದಗಿನವಳು. ತಂದೆತಾಯಿ ತೀರಿಹೋಗಿದ್ದರು, ಮದುವೆಯಾಗಿರಲಿಲ್ಲ. ರಿಚರ್ಡ್ಸ್ ಟೌನಿನ ಒಂದು ಹಳೆಯ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಭಾನುವಾರ ರಸೆಲ್ ಮಾರುಕಟ್ಟೆಗೆ ಹೋಗಿ, ಕೊಳ್ಳುವುದು ಏನೂ ಇಲ್ಲದಿದ್ದರೂ ಅಂಗಡಿಯಿಂದ ಅಂಗಡಿಗೆ ಬೆಲೆ ಕೇಳುತ್ತ ತಿರುಗುತ್ತಿದ್ದೆ. ಯಾರೊಡನಾದರೂ ಮಾತಾಡಿದ ಹಾಗಾಗುತ್ತಿತ್ತು. ಸೈಟಿನಲ್ಲಿ ನಾನೊಬ್ಬಳೇ ಹೆಣ್ಣು ಎಂಜಿನಿಯರ್. ಚಹಾ ಕುಡಿಯಲು ಶೆಡ್ಡಿನೊಳಗೆ ಕಾಲಿಟ್ಟರೆ ನಗುತ್ತಿದ್ದವರೆಲ್ಲ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು. ಆ ಮರ್ಯಾದೆ ನನಗೆ ಸಾಕುಸಾಕಾಗಿತ್ತು. ಊಟದ ಡಬ್ಬಿ ತೆಗೆದುಕೊಂಡು ಸಿಮೆಂಟು ಗೋದಾಮಿನ ಹಿಂದೆ ಹೋಗಿ ಕೂರುತ್ತಿದ್ದೆ. ನಾನಲ್ಲಿ ಕೂತರೆ ಅವರಿಗೂ ಆರಾಮು, ನನಗೂ ಆರಾಮು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ವರ್ಷ ಆಯುಧಪೂಜೆಗೆ ಮೂರು ದಿನ ಮುಂಚೆ ನಾಲ್ಕನೇ ಸ್ಪ್ಯಾನಿಗೆ ಕಾಂಕ್ರೀಟ್ ಹಾಕಿದ್ದೆವು. ಹಸಿ ಕಾಂಕ್ರೀಟು ತನ್ನ ಭಾರವನ್ನು ತಾನು ಹೊರಲಾರದು. ಅದು ಗಟ್ಟಿಯಾಗುವವರೆಗೆ ಕೆಳಗಿನಿಂದ ಕಬ್ಬಿಣದ ಪೈಪುಗಳ ಸಾಲು ಹೊತ್ತು ನಿಂತಿರಬೇಕು. ಈ ತಾತ್ಕಾಲಿಕ ಆಸರೆಗೆ ಸ್ಟೇಜಿಂಗ್ ಎಂದು ಹೆಸರು. ಪೈಪಿನ ಬುಡಕ್ಕೆ ಉಕ್ಕಿನ ತಟ್ಟೆ, ತಟ್ಟೆಯ ಕೆಳಗೆ ಮರದ ದಿಮ್ಮಿ, ದಿಮ್ಮಿಯ ಕೆಳಗೆ ನೆಲ. ಉಳಿದ ಸ್ಪ್ಯಾನುಗಳ ಕೆಳಗಿನ ನೆಲದ ಬಗ್ಗೆ ನನಗೆ ಚಿಂತೆಯಿರಲಿಲ್ಲ. ನಾಲ್ಕನೆಯದರ ಕೆಳಗೆ ಹಿಂದೊಂದು ಕಾಲದಲ್ಲಿ ಮಳೆನೀರು ನಿಲ್ಲುವ ಕುಂಟೆಯಿತ್ತು. ಒಡೆದ ಮನೆಗಳ ಇಟ್ಟಿಗೆ ಚೂರು, ಮಣ್ಣು ಸುರಿದು ಅದನ್ನು ಮುಚ್ಚಿದ್ದರು. ಒಣಗಿದ್ದಾಗ ಆ ನೆಲ ಕಲ್ಲಿನಂತಿರುತ್ತಿತ್ತು. ಕೆಲಸಗಾರರಿರುವ ಬಾಡಿಗೆ ಕೋಣೆಗಳಿಂದ ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣಕ್ಕೆ ಹೋಗುವ ಕಾಲುದಾರಿಯೂ ಆ ಸ್ಪ್ಯಾನಿನ ಅಡಿಯಲ್ಲೇ ಹಾದುಹೋಗುತ್ತಿತ್ತು. ಬೇಲಿ ಹಾಕಿದರೆ ಜನ ಬೇಲಿಯನ್ನೇ ಸರಿಸಿಕೊಂಡು ಹೋಗುತ್ತಿದ್ದರು. ಬೇರೆ ದಾರಿ ಬಹಳ ಸುತ್ತು.

ಆಯುಧಪೂಜೆಯ ದಿನ ಬೆಳಿಗ್ಗೆ ಕ್ರೇನಿಗೆ ಬಾಳೆಕಂಬ ಕಟ್ಟಿ, ಮಿಕ್ಸರಿಗೆ ಕುಂಕುಮವಿಟ್ಟು, ಚಕ್ರಗಳಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದರು. ಜಾಕಿಗಳನ್ನೆಲ್ಲ ಶೆಡ್ಡಿನಲ್ಲಿ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದವನು ಕನ್ನಿಯಪ್ಪ. ಹಲಸೂರಿನವನು, ಜಾಕಿ ಕೆಲಸದ ಮೇಸ್ತ್ರಿ. ಜಾಕಿಯ ಹಿಡಿಕೆ ತಿರುಗಿಸಿ ಸೇತುವೆಯ ಭಾರವಾದ ತೊಲೆಗಳನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವುದು ಅವನ ಕಸುಬು. ಎಲ್ಲರಿಗೂ ಕಡ್ಲೆಪುರಿ ಹಂಚಿದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಸೈಟು ಖಾಲಿಯಾಯಿತು. ಎಕ್ಸಿಕ್ಯೂಟಿವ್ ಎಂಜಿನಿಯರ್ ಹಿಂದಿನ ದಿನವೇ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದರು. ಕೋಣೆಗೆ ಹೋಗಿ ಮಾಡುವುದೇನು ಎಂದು ನಾನು ಮಾತ್ರ ಉಳಿದೆ.

ಕಾಲುದಾರಿಯಲ್ಲಿ ಶರಣಮ್ಮ ಎದುರಾದಳು. ಯಾದಗಿರಿ ಕಡೆಯವಳು, ನಮ್ಮಲ್ಲೇ ಗಂಡನ ಜೊತೆ ಜಲ್ಲಿ ಹೊರುತ್ತಿದ್ದಳು.

"ಬಾಯಾರ, ಹಬ್ಬಕ್ಕ ಊರಿಗೆ ಹೋಗಲಿಲ್ಲೇನ್ರಿ?"

"ಊರಾಗ ಯಾರದಾರ, ಶರಣಮ್ಮ" ಅಂದೆ. ನಮ್ಮ ಕಡೆಯ ಮಾತು ಬಾಯಿಗೆ ಬಂದು ಎಷ್ಟು ದಿನವಾಗಿತ್ತೋ. ನನ್ನ ಮುಖ ಅವಳಿಗೆ ಕಾಣದಿರಲೆಂದು ಸ್ಟೇಜಿಂಗ್ ನೋಡುವ ನೆಪ ಮಾಡಿ ಒಳಕ್ಕೆ ನಡೆದೆ.

ನನ್ನದೊಂದು ಅಭ್ಯಾಸವಿತ್ತು. ಎರಡು ಕಂಬಗಳ ನಡುವೆ ಮೊಣಕಾಲೆತ್ತರಕ್ಕೆ ಬಿಗಿಯಾಗಿ ದಾರ ಕಟ್ಟಿ, ದಾರ ಹಾಯುವಲ್ಲಿ ಪ್ರತಿ ಪೈಪಿನ ಮೇಲೂ ಸೀಮೆಸುಣ್ಣದ ಗೆರೆ ಹಾಕುತ್ತಿದ್ದೆ. ಕಂಬ ಅಲುಗುವುದಿಲ್ಲ, ಹಾಗಾಗಿ ದಾರವೂ ಅಲುಗುವುದಿಲ್ಲ. ನೆಲ ಕುಸಿದರೆ ಪೈಪು ಇಳಿದು ಗೆರೆ ದಾರಕ್ಕಿಂತ ಕೆಳಗೆ ಹೋಗುತ್ತದೆ. 'ಮೇಡಂ ಜನಿವಾರ ಕಟ್ಟಿದ್ದಾರೆ' ಎಂದು ಹುಡುಗರು ನಗುತ್ತಿದ್ದರು. ಆ ಮಧ್ಯಾಹ್ನ ಕಾಲುದಾರಿಯ ಪಕ್ಕದ ಸಾಲಿನಲ್ಲಿ ಗೆರೆಗಳು ದಾರದಿಂದ ಬೆರಳಗಲ ಕೆಳಗಿದ್ದವು. ದಿಮ್ಮಿಗಳ ಸುತ್ತ ಮಣ್ಣು ಕಪ್ಪಗಾಗಿತ್ತು. ಕಾಲಿಟ್ಟರೆ ಚಪ್ಪಲಿ ಹೂತಿತು.

ನೀರು ಬಂದದ್ದೆಲ್ಲಿಂದ ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಂದಿನ ದಿನ ನಾನು ಕಚೇರಿಯ ಮೀಟಿಂಗಿನಲ್ಲಿದ್ದಾಗ, ಪೂಜೆಗೆಂದು ಎಲ್ಲರೂ ಸೇರಿ ಟ್ಯಾಂಕರು ತರಿಸಿ ಯಂತ್ರಗಳನ್ನು ತೊಳೆದಿದ್ದರು. ವರ್ಷವಿಡೀ ಸಿಮೆಂಟು ಮೆತ್ತಿಕೊಂಡ ಮಿಕ್ಸರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಭಕ್ತಿಯಿಂದ ಸುರಿದ ನೀರೆಲ್ಲ ಇಳಿಜಾರು ಹಿಡಿದು ಬಂದು ಹಳೆಯ ಕುಂಟೆಯಲ್ಲಿ ಸೇರಿತ್ತು. ಯಾರನ್ನು ಬೈಯುವುದು?

ಶರಣಮ್ಮನನ್ನು ಕೂಗಿ, ಒಂದು ನರಪಿಳ್ಳೆಯನ್ನೂ ಈ ಕಡೆ ಬಿಡಬೇಡ ಅಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ದಾರಿಗೆ ಅಡ್ಡಲಾಗಿ ಕೂತು, ಬಂದವರನ್ನೆಲ್ಲ ಬೈದು ಹಿಂದಕ್ಕಟ್ಟಿದಳು. ನಾನು ಶೆಡ್ಡಿಗೆ ಓಡಿದೆ. ಕನ್ನಿಯಪ್ಪ ಒಗೆದ ಬಿಳಿ ಪಂಚೆಯುಟ್ಟು ಬೀಗ ಹಾಕುತ್ತಿದ್ದ. ಮನೆಯಲ್ಲಿ ಹೆಂಡತಿ ಮಕ್ಕಳು ಊಟಕ್ಕೆ ಕಾಯುತ್ತಿದ್ದರು.

ವಿಷಯ ಹೇಳಿದೆ. ಒಣನೆಲದ ಮೇಲೆ ಎರಡೂ ಕಡೆ ದಿಮ್ಮಿ ಪೇರಿಸಿ, ಅಡ್ಡಲಾಗಿ ಉಕ್ಕಿನ ತೊಲೆ ಹಾಕಿ, ಅದರ ಮೇಲೆ ಜಾಕಿಗಳನ್ನಿಟ್ಟು ಇಳಿದ ಪೈಪುಗಳನ್ನು ಬುಡದಿಂದ ಎತ್ತಿ ಹಿಡಿಯಬೇಕಿತ್ತು. ಒದ್ದೆ ಮಣ್ಣಿನ ಮೇಲಿನ ಸಾಲು ಇನ್ನೂ ಇಳಿದರೆ ಅದು ಹೊತ್ತ ಭಾರ ಪಕ್ಕದ ಸಾಲಿಗೆ ಬೀಳುತ್ತದೆ. ಅದೂ ಸೋತರೆ ಇಡೀ ಸ್ಪ್ಯಾನು ಕೆಳಗೆ ಬರುತ್ತದೆ.

ಅವನು ಕೇಳಿಸಿಕೊಂಡ. ಬೀಗ ಮಾತ್ರ ತೆಗೆಯಲಿಲ್ಲ.

"ಪೂಜೆಗಿಟ್ಟಿದ್ದು ಇವತ್ತು ಎತ್ತಂಗಿಲ್ಲ ಮೇಡಂ. ನಾಳೆ ಬೆಳಿಗ್ಗೆ ಕರ್ಪೂರ ಹಚ್ಚಿ ನಾನೇ ಎತ್ಕೊಡ್ತೀನಿ. ನಮ್ಮಣ್ಣ ಹಿಂಗೇ ಒಂದ್ಸಲ ಹಬ್ಬದ ದಿನ ಯಾರೋ ಕರೆದ್ರು ಅಂತ ಎತ್ಬಿಟ್ಟ. ಬಲಗೈ ಹೋಯ್ತು. ಈಗ್ಲೂ ನಾನೇ ಅವನಿಗೆ ಅನ್ನ ಕಲಸಿ ಕೊಡೋದು."

ಮೂಢನಂಬಿಕೆ ಎಂದು ಗದರಿಸಬಹುದಿತ್ತು. ಗದರಿಸಿದ್ದರೆ ಅವನು ಕೀಲಿಕೈಯನ್ನು ನನ್ನ ಕೈಯಲ್ಲಿಟ್ಟು ಮನೆಗೆ ಹೋಗುತ್ತಿದ್ದ. ಅಣ್ಣನ ಕೈಯನ್ನು ದಿನಾ ನೋಡುವವನಿಗೆ ನಾನು ಏನೆಂದು ಹೇಳಲಿ?

"ಹಂಗಾದ್ರೆ ನೀವು ಮುಟ್ಟಬೇಡಿ ಕನ್ನಿಯಪ್ಪ, ನಾನು ಎತ್ತುತ್ತೀನಿ. ಏನಾದ್ರೂ ಆಗೋದಿದ್ರೆ ನನಗಾಗಲಿ. ನನಗೆ ಹಿಂದೆ ಮುಂದೆ ಯಾರೂ ಇಲ್ಲ" ಅಂದೆ.

ಅವನನ್ನು ಒಪ್ಪಿಸಲು ಹೂಡಿದ ಆಟವಲ್ಲ ಅದು. ಲೆಕ್ಕ ಹಾಕಿಯೇ ಹೇಳಿದ್ದೆ. ಆ ಸೈಟಿನಲ್ಲಿ ಯಾರ ಕೈ ಹೋದರೂ ಒಂದು ಮನೆ ಊಟ ಬಿಡುತ್ತಿತ್ತು, ನನ್ನ ಕೈಯೊಂದನ್ನು ಬಿಟ್ಟು. ಹೇಳಿದ ಮೇಲಷ್ಟೇ ಆ ಮಾತು ನನಗೂ ಕೇಳಿಸಿತು.

ಕನ್ನಿಯಪ್ಪ ನನ್ನ ಮುಖ ನೋಡಿದ. ಬೀಗ ತೆಗೆದ. ನಾನು ಒಳಗೆ ಹೋಗಿ ಮೊದಲ ಜಾಕಿಯ ಹಾರ ತೆಗೆದಿಟ್ಟು, ಎರಡೂ ಕೈಯಿಂದ ಅಪ್ಪಿ ಎತ್ತಿದೆ. ಹೊಸ್ತಿಲು ದಾಟುವಷ್ಟರಲ್ಲಿ ಸೊಂಟ ಹಿಡಿಯಿತು. ಅಷ್ಟರಲ್ಲಿ ಭಾರ ಇದ್ದಕ್ಕಿದ್ದಂತೆ ಅರ್ಧವಾಯಿತು. ಇನ್ನೊಂದು ಕಡೆಯ ಹಿಡಿಕೆ ಅವನ ಕೈಯಲ್ಲಿತ್ತು.

"ಯಾರೂ ಇಲ್ಲ ಅಂತ ಹೇಳ್ಬೇಡಿ ಮೇಡಂ, ಹಬ್ಬದ ದಿನ" ಅಂದ.

ಶರಣಮ್ಮನ ಗಂಡ ಮತ್ತು ಅಕ್ಕಪಕ್ಕದ ಕೋಣೆಯವರು ಹಬ್ಬದ ಹೋಳಿಗೆ ಬಿಟ್ಟು ಬಂದರು. ಕೆಲವರು ಕಾಲುವೆ ತೋಡಿ ನೀರನ್ನು ಬೇರೆ ಕಡೆ ಹರಿಸಿದರು, ಉಳಿದವರು ದಿಮ್ಮಿ ಹೊತ್ತರು. ಕನ್ನಿಯಪ್ಪ ಪಂಚೆ ಎತ್ತಿ ಕಟ್ಟಿ, ಜಾಕಿಯಿಂದ ಜಾಕಿಗೆ ತೆವಳುತ್ತ ಒಂದೊಂದನ್ನೂ ಕಾಲು ಸುತ್ತು ತಿರುಗಿಸುತ್ತಿದ್ದ. ನಾನು ದಾರದ ಪಕ್ಕ ಮಂಡಿಯೂರಿ ಗೆರೆ ನೋಡಿ ಹೇಳುತ್ತಿದ್ದೆ. ಆತುರ ಮಾಡಿದರೆ ಎಳೆಯ ಕಾಂಕ್ರೀಟು ಬಿರುಕು ಬಿಡುತ್ತದೆ, ತಡಮಾಡಿದರೆ ಮಣ್ಣು ಕಾಯುವುದಿಲ್ಲ. ಒಮ್ಮೆ ಮೇಲೆ ಕಾಂಕ್ರೀಟು ಹೊತ್ತ ಹಲಗೆಯೊಂದು ಲಟಕ್ಕೆಂದಿತು. ಎಲ್ಲರೂ ಹೊರಗೋಡಿದರು. ಕನ್ನಿಯಪ್ಪ ಓಡಲಿಲ್ಲ. ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡು ಮತ್ತೆ ಹಿಡಿಕೆ ಹಿಡಿದ. ಹೊತ್ತು ಮುಳುಗುವ ಮುಂಚೆ ಸೀಮೆಸುಣ್ಣದ ಗೆರೆಗಳು ದಾರಕ್ಕೆ ಬಂದು ಕೂತವು.

ಯಾರಿಗೂ ಏನೂ ಆಗಲಿಲ್ಲ. ಕನ್ನಿಯಪ್ಪ ಶೆಡ್ಡಿಗೆ ಹೋಗಿ, ಖಾಲಿಯಾದ ಸಾಲಿನ ಮುಂದೆ ಕರ್ಪೂರ ಹಚ್ಚಿ ಗಲ್ಲ ಬಡಿದುಕೊಂಡ. ಮರುದಿನ ವಿಜಯದಶಮಿ. ಶರಣಮ್ಮ ಎಲ್ಲಿಂದಲೋ ಬನ್ನಿ ಎಲೆ ತಂದು ನನ್ನ ಕೈಯಲ್ಲಿಟ್ಟು, "ಬಂಗಾರದಂಗ ಇರೂಣ್ರಿ ಬಾಯಾರ" ಅಂದಳು. ಗದಗು ಬಿಟ್ಟ ಮೇಲೆ ನನಗೆ ಯಾರೂ ಬನ್ನಿ ಕೊಟ್ಟಿರಲಿಲ್ಲ. ಸಿಮೆಂಟು ಗೋದಾಮಿನ ಹಿಂದೆ ಹೋಗಿ ಮನಸ್ಸು ಹಗುರಾಗುವಷ್ಟು ಅತ್ತೆ.

ಮೈಸೂರಿನಿಂದ ಬಂದ ಸಾಹೇಬರು ವರದಿಯಲ್ಲಿ 'ಸ್ವಲ್ಪ ಕುಸಿತ, ಸರಿಪಡಿಸಲಾಗಿದೆ' ಎಂದು ಬರೆಸಿದರು. ಅದು ಸುಳ್ಳೇನಲ್ಲ. ಮೋಟು ರೋಡು ಮರುವರ್ಷ ಮುಗಿಯಿತು. ಉದ್ಘಾಟನೆಯೂ ಆಗಲಿಲ್ಲ, ಒಂದು ಬೆಳಿಗ್ಗೆ ಅಡ್ಡವಿಟ್ಟಿದ್ದ ಡ್ರಮ್ಮುಗಳನ್ನು ತೆಗೆದರು, ವಾಹನಗಳು ಹೋದವು. ಎರಡನೇ ಹಂತದ ಜಾಗ ಇನ್ನಾವುದೋ ಯೋಜನೆಗೆ ಹೋಯಿತು. ಈಗ ಸ್ಕೂಟರಿನಲ್ಲಿ ಹತ್ತಿ ಇಳಿಯಲು ಒಂದು ನಿಮಿಷವೂ ಬೇಡ. ಇಳಿಯುವಲ್ಲಿ ಮುಂದಿನ ಹಂತಕ್ಕೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿದು ಚಾಚಿಕೊಂಡಿವೆ.

ರಸ್ತೆ ಮುಗಿಯುವ ಮುಂಚೆ ಅಲ್ಲಿ ಇನ್ನೊಂದು ಆಯುಧಪೂಜೆ ಬಂತು. ಕನ್ನಿಯಪ್ಪ ಎಂದಿನಂತೆ ಜಾಕಿಗಳನ್ನು ಸಾಲಾಗಿಟ್ಟು ಹಾರ ಹಾಕಿದ. ಒಂದು ಜಾಕಿ ಮಾತ್ರ ಬಾಗಿಲ ಹೊರಗೆ ಬರಿಮೈಯಲ್ಲಿ ಕೂತಿತ್ತು. ಮರೆತೆಯಾ ಎಂದು ಯಾರೋ ಕೇಳಿದ್ದಕ್ಕೆ, "ಇರ್ಲಿ, ಅದು ಡ್ಯೂಟಿಲಿದೆ" ಅಂದ. ನನಗೆ ನಗು ಬಂತು. ಆದರೂ ಹಬ್ಬದ ಸಾಲಿನಿಂದಾಚೆ ಕೂತ ಆ ಕಬ್ಬಿಣವನ್ನು ನೋಡಿದರೆ ನನ್ನನ್ನೇ ನೋಡಿಕೊಂಡಂತಿತ್ತು.

ಮರುದಿನ ಬೆಳಿಗ್ಗೆ ನಾನು ಬಂದಾಗ ಒಳಗಿನ ಜಾಕಿಗಳ ಹಾರ ತೆಗೆದಾಗಿತ್ತು. ಹೊರಗಿನದರ ಕೊರಳಿಗೆ ಮಾತ್ರ ಹೊಸ ಮಲ್ಲಿಗೆ ಹಾರವಿತ್ತು. ಪಕ್ಕದಲ್ಲಿ ಕನ್ನಿಯಪ್ಪ, ಅವನ ಹೆಂಡತಿ, ಬಲ ತೋಳು ಮೋಟಾದ ಅವನ ಅಣ್ಣ ನಿಂತಿದ್ದರು. ಬಾಳೆಎಲೆಯಲ್ಲಿ ಕಟ್ಟಿದ ಊಟವನ್ನು ಆ ಅಣ್ಣ ಎಡಗೈಯಿಂದ ನನ್ನ ಕಡೆ ಚಾಚಿದ.

"ಇದರ ಹಬ್ಬ ಇವತ್ತು ಮೇಡಂ" ಅಂದ ಕನ್ನಿಯಪ್ಪ. "ನಿಮ್ದೂ ಇವತ್ತೇ."

ಮುಂದೆ ನಿವೃತ್ತಿಯಾಗುವವರೆಗೂ ನನ್ನ ಪ್ರತಿ ಸೈಟಿನಲ್ಲಿ ಒಂದು ಜಾಕಿಯನ್ನು ಪೂಜೆಯಿಂದ ಹೊರಗಿಡಿಸಿದೆ. ಎಲ್ಲರೂ ಹಬ್ಬ ಮಾಡುವಾಗ ಒಬ್ಬರಾದರೂ ಎಚ್ಚರವಿರಬೇಕೆಂದು ಈ ಕೆಲಸ ನನಗೆ ಕಲಿಸಿತು. ಆದರೆ ಕಿರಿಯರಿಗೆ ನಾನು ಹೇಳುತ್ತಿದ್ದದ್ದು ಅದಲ್ಲ. ಹೊರಗಿಟ್ಟದ್ದಕ್ಕೆ ಮರುದಿನ ಮರೆಯದೆ ಹೂ ಹಾಕಿ ಎಂದಷ್ಟೇ ಹೇಳುತ್ತಿದ್ದೆ.