ಸೊಲ್ಲು ಹಾಕುವ ಹೆಂಗಸು

ಕಲ್ಲು ಬಿದ್ದ ಸದ್ದು ನನಗೆ ನೆನಪಿಲ್ಲ. ಎಲ್ಲರೂ ಅದನ್ನೇ ಕೇಳುತ್ತಾರೆ, ಎಷ್ಟು ದೊಡ್ಡ ಸದ್ದಾಯಿತು ಎಂದು. ನನಗೆ ನೆನಪಿರುವುದು ಕುತ್ತಿಗೆಯ ಮೇಲೆ ಬಿದ್ದ ತಣ್ಣನೆಯ ಮಣ್ಣು, ಮತ್ತು ಎದುರಿಗಿದ್ದ ಒಬ್ಬ ಹೆಂಗಸಿನ ಮುಖ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಊರು ಚಿತ್ತಾಪುರಕ್ಕೆ ಮರಳಿ, ಆರು ತಿಂಗಳು ಖಾಲಿ ಕೂತು, ಕೊನೆಗೆ ಶಹಾಬಾದದ ಒಂದು ಫರಸಿ ಹಾಸುಗಲ್ಲಿನ ಗಣಿಯಲ್ಲಿ ಮುನಶಿಯಾಗಿ ಸೇರಿದ್ದೆ. ಆಳುಗಳ ಹಾಜರಿ ಹಿಡಿಯುವುದು ನನ್ನ ಕೆಲಸ.

ಅಲ್ಲಿಯ ಕಲ್ಲು ನೆಲದೊಳಗೆ ಒಂದರ ಮೇಲೊಂದು ಪದರಾಗಿ ಮಲಗಿರುತ್ತದೆ. ಗಂಡಸರು ಉಳಿ, ಹಾರೆ ಹಾಕಿ ಎಬ್ಬಿಸುತ್ತಾರೆ. ಹೆಂಗಸರು ತಲೆಗೆ ಸಿಂಬೆ ಇಟ್ಟು ಹೊತ್ತು ಇಳಿಜಾರಿನ ದಾರಿಯಲ್ಲಿ ಮೇಲೆ ತರುತ್ತಾರೆ. ಕೆಳಗಿನ ಪದರು ಚೆನ್ನಾಗಿದ್ದರೆ ಅದನ್ನೇ ಒಳಒಳಗೆ ಕೀಳುತ್ತ ಹೋಗುವುದು ರೂಢಿ. ಆಗ ಮೇಲಿನ ಪದರು ಸೂರಿನ ಹಾಗೆ ಚಾಚಿಕೊಂಡು ನಿಲ್ಲುತ್ತದೆ; ಅದನ್ನು ಚಾಚು ಎನ್ನುತ್ತಾರೆ. ಅದರ ನೆರಳಿನಲ್ಲೇ ನಾನು ಹಾಜರಿ ಪುಸ್ತಕ ತೊಡೆಯ ಮೇಲಿಟ್ಟು ಕೂರುತ್ತಿದ್ದೆ. ಬೇರೆ ನೆರಳಿರಲಿಲ್ಲ.

ದೊಡ್ಡ ಹಾಸುಗಲ್ಲಾದರೆ ಗಂಡಸರು ಹೆಂಗಸರು ಕೂಡಿಯೇ ಎತ್ತಬೇಕು. ಕಲ್ಲಿಗೆ ಹಗ್ಗ ಬಿಗಿದು, ಬೊಂಬು ತೂರಿಸಿ, ಎರಡೂ ಕಡೆ ಹೆಗಲು ಕೊಡುತ್ತಾರೆ. ಆಗ ಒಬ್ಬಳು ಮುಂದೆ ನಿಂತು ಸೊಲ್ಲು ಹಾಕುತ್ತಾಳೆ. ಹೊರುವವರು ಹೂಂಗುಟ್ಟಿ ಹೆಜ್ಜೆ ಇಡುತ್ತಾರೆ. ಅವಳು ಅವರ ಕಡೆ ಮುಖ ಮಾಡಿ ಹಿಮ್ಮುಖವಾಗಿಯೇ ದಾರಿ ಏರಬೇಕು, ಎಲ್ಲರ ಮೊಣಕಾಲೂ ಅವಳಿಗೆ ಕಾಣಬೇಕು. ಕಲ್ಲು ಹೆಗಲ ಮೇಲಿರುವಷ್ಟು ಹೊತ್ತು ಗಣಿಯಲ್ಲಿ ಅವಳದೊಂದೇ ಮಾತು. ಗುತ್ತೇದಾರನೇ ಎದುರಾದರೂ ದಾರಿ ಬಿಡಬೇಕು. ಹಗ್ಗ ಹರಿದರೆ ಕಲ್ಲು ಹಿಂದಕ್ಕೆ ಜಾರುತ್ತದೆಂದು ಕೆಳಗೆ ಯಾರೂ ಉಳಿಯುವ ಹಾಗಿಲ್ಲ. ಕಲ್ಲು ಇಳಿದ ಮರುಗಳಿಗೆ ಅವಳು ಮತ್ತೆ ಎಲ್ಲರಂತೆ ಒಬ್ಬ ಹೆಣ್ಣಾಳು.

ನಮ್ಮ ಗಣಿಯಲ್ಲಿ ಸೊಲ್ಲು ಹಾಕುತ್ತಿದ್ದಾಕೆಗೆ ಐವತ್ತರ ಹತ್ತಿರ ವಯಸ್ಸು. ಸೇಡಂ ಕಡೆಯವಳು. ಅವಳೊಂದಿಗೆ ನಾನು ಹಾಜರಿ ಬಿಟ್ಟು ಬೇರೆ ಮಾತಾಡಿದ್ದಿಲ್ಲ.

ಎರಡು ದಿನ ಮಳೆ ಹಿಡಿದು ಮೂರನೆಯ ದಿನ ಬಿಸಿಲು ಬಿದ್ದಿತ್ತು. ಆಳುಗಳ ಮೇಲ್ವಿಚಾರಕನಾದ ಮುಕಾದಮ ವ್ಯಾಗನ್ನಿಗೆ ಕಲ್ಲು ತುಂಬಿಸಲು ವಾಡಿ ಸ್ಟೇಷನ್ನಿಗೆ ಹೋಗಿದ್ದ. ಹೋಗುವಾಗ ತನ್ನ ಸೀಟಿಯನ್ನು ನನ್ನ ಕೈಗೆ ಕೊಟ್ಟಿದ್ದ. ಸೀಟಿ ಊದದೆ ಕೆಲಸ ಬಿಟ್ಟು ಗಣಿಯಿಂದ ಯಾರೂ ಮೇಲೆ ಬರುವ ಹಾಗಿರಲಿಲ್ಲ.

ಹೊತ್ತು ಏರಿದ ಮೇಲೆ ಸೊಲ್ಲು ಹಾಕುವಾಕೆ ಹಾರೆ ಹಿಡಿದು ಬಂದು ನನ್ನ ತಲೆಯ ಮೇಲಿನ ಚಾಚನ್ನು ಬಡಿದಳು. ಕಿವಿಗೊಟ್ಟಳು. ಎರಡು ಮಾರು ಸರಿದು ಮತ್ತೆ ಬಡಿದಳು. ಆಮೇಲೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಸೀಟಿ ಊದ್ರಿ ಸಾಹೇಬ್ರ. ಮಂದಿ ಮ್ಯಾಲ ಹೋಗ್ಲಿ."

ಯಾಕೆಂದು ಕೇಳಿದೆ. ಮಳೆಗೆ ಮೊದಲು ಬಡಿದರೆ ಕಲ್ಲು ಗಂಟೆಯ ಹಾಗೆ ನುಡಿಯುತ್ತಿತ್ತಂತೆ, ಇವತ್ತು ಒಡಕು ಗಡಿಗೆಯ ಹಾಗೆ ನುಡಿಯುತ್ತಿದೆಯಂತೆ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು. ಅದಕ್ಕೆ ಸಾಕ್ಷಿ ಏನು ಎಂದೆ.

"ಸಾಕ್ಷಿ ಬಿದ್ದ ಮ್ಯಾಲ ಸಿಗ್ತದ್ರಿ" ಅಂದಳು.

ಮುಕಾದಮ ಬರಲಿ, ಅವನಿಗೆ ಹೇಳು ಎಂದುಬಿಟ್ಟೆ. ಒಂದು ವೇಳೆ ಏನೂ ಬೀಳದಿದ್ದರೆ? ಹೆಣ್ಣಾಳಿನ ಮಾತು ಕೇಳಿ ಗಣಿ ಖಾಲಿ ಮಾಡಿಸಿದ ಬಿ.ಎ. ಎಂದು ಶಹಾಬಾದವೆಲ್ಲ ನಗುತ್ತಿತ್ತು. ನನ್ನ ತಲೆಯಲ್ಲಿ ಆಗ ಇದ್ದದ್ದು ಅಷ್ಟೇ. ಎಷ್ಟು ಸಲ ಹಿಂದೆ ಹೋಗಿ ನೋಡಿದರೂ ಅಲ್ಲಿ ಬೇರೇನೂ ಸಿಗುವುದಿಲ್ಲ.

ಅವಳು ಕಲ್ಲು ಕೀಳುವವರ ಹತ್ತಿರ ಹೋದಳು. ಅವರಲ್ಲಿ ಹಿರಿಯನೊಬ್ಬ ಉಳಿ ಕೆಳಗಿಡದೆಯೇ ಅಂದ: "ನಿನ್ನ ಕಿವಿ ಸೊಸಿ ಮಾತು ಕೇಳ್ಲಿಕ್ಕ ಇಟ್ಕೊ ಯಕ್ಕ. ಕಲ್ಲಿಂದು ನಮಗ ಬಿಡು."

"ಸೊಸಿ ಬೈದ್ರ ಉಳೀತೀವಪ್ಪ" ಅಂದಳು ಅವಳು.

ಗಂಡಸರು ನಕ್ಕರು. ನಾನೂ ನಕ್ಕೆ.

ಆಚೆ ಬದಿಯಲ್ಲಿ ಒಂದು ದೊಡ್ಡ ಹಾಸುಗಲ್ಲು ಹಗ್ಗ ಬಿಗಿಸಿಕೊಂಡು ಬಿದ್ದಿತ್ತು. ಮರುದಿನ ಮುಕಾದಮನೆದುರು ಎತ್ತುವುದೆಂದು ಮಾತಾಗಿತ್ತು. ಅವಳು ಅದರ ತಲೆಗೆ ಹೋಗಿ ನಿಂತು, ಸೆರಗು ಸೊಂಟಕ್ಕೆ ಸಿಗಿಸಿ, ಸೊಲ್ಲು ಎತ್ತಿದಳು.

ಗಂಡಸರು ಗೊಣಗಿದರು. ನಾಳೆ ಎತ್ತುವುದಿತ್ತಲ್ಲ ಅಂದರು. ಅನ್ನುತ್ತಲೇ ಎದ್ದರು. ಸೊಲ್ಲು ಬಿದ್ದ ಮೇಲೆ ಹೆಗಲು ಕೊಡದವನಿಗೆ ಸತ್ತಾಗ ಹೆಗಲು ಸಿಗುವುದಿಲ್ಲ ಎಂಬ ಮಾತು ಆ ಗಣಿಗಳಲ್ಲಿದೆ. ಹೆಂಗಸರು ಆಗಲೇ ಬೊಂಬಿಗೆ ಬಂದಿದ್ದರು. ನಾನೊಬ್ಬ ಕೂತೇ ಇದ್ದೆ.

"ಒಂದು ಹೆಗಲು ಕಡಿಮಿ ಬಿದ್ದದ, ಬರ್ರಿ ಸಾಹೇಬ್ರ."

ನಾನು ಮುನಶಿ ಎಂದೆ.

"ಪುಸ್ತಕ ಅಲ್ಲೇ ಇಡ್ರಿ. ಅದಕ್ಕೇನು ಕಾಲಿಲ್ಲ."

ಈ ಸಲ ನಗು ನನ್ನ ಮೇಲೆ ಬಿತ್ತು. ಆ ನಗೆಗೆ ನಾಚಿ ಎದ್ದೆ, ಅವಳನ್ನು ನಂಬಿ ಎದ್ದದ್ದಲ್ಲ. ಎಲ್ಲರ ಹಿಂದಿನ ಬೊಂಬಿನಲ್ಲಿ, ಇಬ್ಬರು ಹೆಂಗಸರ ನಡುವೆ ನನ್ನನ್ನು ನಿಲ್ಲಿಸಿದಳು.

ದಾರಿ ಎರಡು ಬದಿಗೆ ಕಲ್ಲು ಒತ್ತಿದ ಇಕ್ಕಟ್ಟಿನ ದಾರಿ. ಅರ್ಧ ಏರಿದ್ದೆವು. ಆಗ ನನ್ನ ಕುತ್ತಿಗೆಯ ಮೇಲೆ ಮಣ್ಣು ಬಿತ್ತು. ತಲೆ ಎತ್ತಿದರೆ ಎದುರಿಗೆ ಅವಳ ಮುಖ. ಅವಳ ಕಣ್ಣು ನಮ್ಮ ಮೊಣಕಾಲಿನ ಮೇಲಿರಲಿಲ್ಲ. ನಮ್ಮ ತಲೆಗಳ ಮೇಲಿಂದ ಹಿಂದೆ ಏನನ್ನೋ ನೋಡುತ್ತಿದ್ದಳು. ಮುಖದ ಬಣ್ಣ ಹೋಗಿತ್ತು. ದನಿ ಮಾತ್ರ ಹಾಗೆಯೇ ಇತ್ತು, ಬೇಗವೂ ಇಲ್ಲ, ತಡವೂ ಇಲ್ಲ. ಒಂದು ಸೊಲ್ಲು, ಒಂದು ಹೆಜ್ಜೆ. ದನಿ ಬದಲಾಗಿಲ್ಲ ಅಂದರೆ ಹಿಂದೆ ಏನೂ ಆಗುತ್ತಿಲ್ಲ ಎಂದುಕೊಂಡೆ. ಹಾಗೆ ನಂಬಿಯೇ ಹನ್ನೊಂದು ಹೆಜ್ಜೆ ಇಟ್ಟೆ. ಆ ಹನ್ನೊಂದನ್ನು ಈಗಲೂ ಎಣಿಸುತ್ತೇನೆ, ಊಟ ಮಾಡುವಾಗ, ಕಾಗದ ಬರೆಯುವಾಗ. ಅವಳು ಒಮ್ಮೆ ಕೂಗಿದ್ದರೆ ನಾವು ಕಲ್ಲು ಬಿಟ್ಟು ಓಡುತ್ತಿದ್ದೆವು. ಆ ಇಕ್ಕಟ್ಟಿನಲ್ಲಿ ಕಲ್ಲು ಮೊದಲು ಜಾರಿ ಬರುತ್ತಿದ್ದದ್ದು ಹಿಂದಿನ ಬೊಂಬಿನ ಮೇಲೆ.

ಮೇಲೆ ಬಂದು ಸಾವಕಾಶ ಇಳಿಸಿರೆಂದಳು. ಇಳಿಸಿದೆವು. ಅವಳು ನೆಲಕ್ಕೆ ಕೂತಳು. ಆಗ ನಾವು ತಿರುಗಿ ನೋಡಿದೆವು.

ನಾನು ಕೂತಿದ್ದ ಜಾಗ ಇರಲಿಲ್ಲ. ಇಡೀ ಚಾಚು ಕೆಳಗೆ ಬಿದ್ದು, ಅದರ ಮೇಲೆ ಕರಿ ಮಣ್ಣು ಇನ್ನೂ ಸುರಿಯುತ್ತಿತ್ತು. ಪುಸ್ತಕ ಅದರಡಿ ಹೋಗಿತ್ತು. ನಾನು ಏನನ್ನೂ ಅಂದುಕೊಳ್ಳಲಿಲ್ಲ. ಬಾಯಲ್ಲಿ ಧೂಳಿನ ರುಚಿ ಇತ್ತು, ಅಷ್ಟು ಗೊತ್ತು. ನನ್ನ ಜೊತೆ ಹೊತ್ತಿದ್ದ ಹೆಂಗಸು ಹೇಳಿದಳು, ಬೊಂಬಿಗೆ ಹೆಗಲು ಮೊದಲೇ ತುಂಬಿದ್ದವಂತೆ. ನನ್ನದೇನೂ ಬೇಕಿರಲಿಲ್ಲವಂತೆ.

ಸಂಜೆ ಮುಕಾದಮ, ಗುತ್ತೇದಾರ ಇಬ್ಬರೂ ಬಂದರು. ಮಳೆಯಾಗಿದೆ, ಎಚ್ಚರ ಎಂದು ತಾನು ಹೇಳಿಹೋಗಿದ್ದೆ ಅಂದ ಮುಕಾದಮ. ಅವನು ಹಾಗೆ ಹೇಳಿರಲಿಲ್ಲ, ಇವಳು ಕೇಳಿದಾಗ ಸೀಟಿ ಊದದೆ ಇದ್ದವನು ನಾನು ಎಂದೆ. ಗುತ್ತೇದಾರ ನನ್ನನ್ನು ನೋಡಿ, ಹೋಗಿ ಮಲಗು ಅಂದ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಇಳಿಯಿರೆಂದು ಮುಕಾದಮ ಸೀಟಿ ಊದಿದ. ಯಾರೂ ಇಳಿಯಲಿಲ್ಲ. ಹಿಂದಿನ ದಿನ ಸೊಸೆಯ ಮಾತು ತೆಗೆದಿದ್ದ ಹಿರಿಯ ಗಣಿಯ ಬಾಯಲ್ಲಿ ಕೂತು, "ಯಕ್ಕ ಬಡದು ನೋಡ್ಲಿ. ಆಮ್ಯಾಲ ಇಳೀತೀವಿ" ಅಂದ. ಯಾವ ಯಕ್ಕ ಎಂದು ಗುತ್ತೇದಾರ ಕೇಳಿದ. ತೋರಿಸಿದಾಗ ನಕ್ಕ. ಅವನ ಜೊತೆ ಯಾರೂ ನಗಲಿಲ್ಲ. ಬಿಸಿಲು ನೆತ್ತಿಗೆ ಬರುವ ತನಕ ಹಾಗೆಯೇ ಕೂತರು. ಕೊನೆಗೆ ಗುತ್ತೇದಾರ, ನೋಡಲಿ ಬಿಡು ಅಂದ.

ಅಂದಿನಿಂದ ಆ ಗಣಿಗೆ ಅವಳು ಹೇಳದೆ ಯಾರೂ ಇಳಿಯುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಅವಳೇ ಮುಕಾದಮಳಾದಳು. ಪಕ್ಕದ ಗಣಿಯ ಹೆಂಗಸರು ಬಡಿದು ಕೇಳುವುದನ್ನು ಕಲಿಯಲು ಬರುತ್ತಿದ್ದರು. ನನಗೆ ಸಂತೋಷವಾಗಬೇಕಿತ್ತು. ಆಗಿದ್ದರೂ ಗೊತ್ತಾಗಲಿಲ್ಲ.

ಆ ಮರುದಿನದ್ದು ಒಂದು ಹೇಳಬೇಕು. ಅವಳು ಚಾಚುಗಳನ್ನೆಲ್ಲ ಬಡಿದು ನೋಡಿ ಆಗಲಿ ಅಂದಳು, ಎಲ್ಲರೂ ಇಳಿದರು. ನಾನು ಹೊಸ ಪುಸ್ತಕ ಹಿಡಿದು ದಾರಿಯ ಬಾಯಿಗೆ ಬಂದೆ. ಕಾಲು ಮುಂದೆ ಹೋಗಲಿಲ್ಲ. ಅವಳು ಕೆಳಗಿನಿಂದ ನೋಡಿದಳು.

"ಅಲ್ಲಿಂದೇ ಕರೀರಿ ಸಾಹೇಬ್ರ. ನಾವು ಓ ಅಂತೀವಿ."

ಮೇಲಿನಿಂದಲೇ ಒಬ್ಬೊಬ್ಬರ ಹೆಸರು ಕರೆದೆ. ಒಬ್ಬೊಬ್ಬರೂ ಓ ಅಂದರು. ಪುಸ್ತಕ ಮುಚ್ಚಿದವನು ಮತ್ತೆ ತೆರೆದು ಮೊದಲಿನಿಂದ ಕರೆದೆ. ಯಾರೂ ನಗಲಿಲ್ಲ. ಮತ್ತೊಮ್ಮೆ ಎಲ್ಲರೂ ಓ ಅಂದರು.