ಕೆಂಪು ಹಕ್ಕಿಯ ಶುಕ್ರವಾರ

ನನ್ನ ಮಾವನ ಎಡಗೈಯ ಎರಡು ಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಕಾಳಗದ, ನಮ್ಮ ಕಡೆಯ ಮಾತಲ್ಲಿ ಅಂಕದ, ಕೋಳಿಯ ಕಾಲಿಗೆ ಕಟ್ಟಿದ ಸಣ್ಣ ಕತ್ತಿ ಒಮ್ಮೆ ಅವರ ಅಂಗೈಯನ್ನೇ ಸೀಳಿತ್ತಂತೆ. ಆ ಮಡಚಿದ ಬೆರಳುಗಳ ನಡುವೆ ಫೋನನ್ನು ಸಿಕ್ಕಿಸಿಕೊಂಡು, ಬಲಗೈಯಿಂದ ಅವರು ಪರದೆಯನ್ನು ಕುಟ್ಟುವ ರಭಸಕ್ಕೆ ಗಾಜು ಒಡೆಯದೆ ಉಳಿದದ್ದೇ ಪುಣ್ಯ.

ಅಳದಂಗಡಿಯ ಆ ಮನೆಗೆ ನಾನು ಸೊಸೆಯಾಗಿ ಬಂದ ಹೊಸತರಲ್ಲೇ ಅಪ್ಪ ಮಗನ ನಡುವೆ ಮಾತು ನಿಂತುಹೋಯಿತು. ಇನ್ನು ಕೋಳಿ ಅಂಕಕ್ಕೆ ಹೋಗುವುದಿಲ್ಲ ಎಂದು ನನ್ನ ಗಂಡ ಅವರಿಂದ ಮಾತು ತೆಗೆದುಕೊಂಡಿದ್ದರು. ನಮ್ಮ ಮದುವೆಯ ವಾರವೇ ಮಾವ ಅಂಕಕ್ಕೆ ಹೋದರು, ಕೋಳಿಯ ಸಮೇತ ಪೊಲೀಸ್ ಜೀಪು ಹತ್ತಿದರು. ಠಾಣೆಯಿಂದ ಬಿಡಿಸಿ ತಂದ ಮಗ ಮತ್ತೆ ಅಪ್ಪನೊಡನೆ ಬಾಯಿ ತೆರೆಯಲಿಲ್ಲ. ಗಲ್ಫಿಗೆ ಹೋದ ಮೇಲೂ ಅಷ್ಟೇ. "ಅವರಿಗೆ ಹೇಳು", "ಅವನಿಗೆ ಹೇಳು" ಎಂದು ಎಲ್ಲವೂ ನನ್ನ ಮೂಲಕ. ಅಂಚೆಯವನಿಗಾದರೂ ಭಾನುವಾರ ರಜೆ ಇದೆ, ನನಗೆ ಅದೂ ಇರಲಿಲ್ಲ.

ಠಾಣೆ ಕಂಡ ಮೇಲೆ ಅಂಕ ಬಿಟ್ಟ ಮಾವ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ತಿರುಗುತ್ತಿದ್ದರು. ಒಂದು ದಿನ ನನ್ನ ಫೋನಿನ ಆಟವನ್ನು ಇಣುಕಿ ನೋಡಿದರು. ನಕ್ಷೆ ನೋಡಿಕೊಂಡು ನಡೆಯುತ್ತ ವಿಚಿತ್ರ ಪ್ರಾಣಿಗಳನ್ನು ಹಿಡಿಯುವ ಆಟ. ಕೆಲವು ಜಾಗಗಳಲ್ಲಿ ಸ್ವಲ್ಪ ಹೊತ್ತು ಒಂದು ದೈತ್ಯ ಬಾಸ್ ಬಂದು ಕೂರುತ್ತದೆ. ಹಲವರು ಸೇರಿ, ತಂತಮ್ಮ ಪ್ರಾಣಿಗಳಲ್ಲಿ ಆರನ್ನು ಆರಿಸಿ ಅದರ ಮೇಲೆ ಬಿಡಬೇಕು. ಬೆಂಕಿಯದಕ್ಕೆ ನೀರಿನದು, ನೀರಿನದಕ್ಕೆ ಗಿಡದ್ದು, ಹೀಗೆ ಒಂದಕ್ಕೊಂದು ಕೌಂಟರ್, ಅಂದರೆ ಎದುರೇಟು. ಕೇಳಿದ್ದೇ ಮಾವನ ಕಣ್ಣರಳಿತು. ಯಾವ ಬಣ್ಣದ ಕೋಳಿ ಯಾವ ಬಣ್ಣದ್ದನ್ನು ಯಾವ ವಾರ ಹೊಡೆಯುತ್ತದೆ ಎಂಬ ಕೋಳಿ ಪಂಚಾಂಗ ಅವರಿಗೆ ಬಾಯಿಪಾಠ.

"ಗಾತ್ರ ನೋಡಿ ಬಿಡುವುದಲ್ಲ ಮಗಳೇ, ಎದುರಿಗೆ ಯಾವುದುಂಟು ಅಂತ ನೋಡಿ ಬಿಡುವುದು" ಎನ್ನುತ್ತಿದ್ದರು. ತಿಂಗಳೊಳಗೆ ನನ್ನನ್ನು ಹಿಂದೆ ಹಾಕಿದರು. ಪಂಚಾಂಗವನ್ನು ಮಾತ್ರ ಬಿಡಲಿಲ್ಲ. ಶುಕ್ರವಾರ ಕೆಂಪಿಗೆ ಗೆಲುವು ಎಂದು, ಎದುರಿಗೆ ಏನೇ ಇರಲಿ, ಮೊದಲು ಇಳಿಯಬೇಕಾದದ್ದು ಆಟದಲ್ಲಿ ಅವರು ಹಿಡಿದಿದ್ದ ಬೆಂಕಿಯ ಕೆಂಪು ಹಕ್ಕಿ.

ಅಂಥದೊಂದು ಶುಕ್ರವಾರ ಸಂಜೆ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಕಲ್ಲಿನ ಬಾಸ್ ಬಂತು. ಮಾವ ತಿಂಗಳುಗಟ್ಟಲೆ ಕಾದಿದ್ದ ಬಾಸ್, ಅಂದೇ ಅದರ ಕೊನೆಯ ದಿನ. ಇಬ್ಬರಿಂದ ಆಗುವ ಕೆಲಸವಲ್ಲ, ಬೇರೆ ಆಡುವವರೂ ಸುತ್ತ ಯಾರೂ ಇರಲಿಲ್ಲ. ದೂರದಿಂದಲೂ ಸೇರಬಹುದಾದ ಆಟ. ಗಲ್ಫಿನಲ್ಲಿ ಗಂಡನೂ ಅದನ್ನೇ ಆಡುತ್ತಿದ್ದರು, ಅಂದು ಅವರಿಗೆ ರಜೆ. ಧೈರ್ಯ ಮಾಡಿ ಅವರಿಗೆ ಫೋನ್ ಮಾಡಿ ಆಟಕ್ಕೆ ಕರೆದು, ಸ್ಪೀಕರ್ ಹಾಕಿದೆ. ಮಗನ ಸ್ವರ ಕೇಳಿದ್ದೇ ಮಾವನ ಬೆರಳು ನಿಂತಿತು. ಎದ್ದು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ.

ಮೊದಲ ಸಲ ಸೋತೆವು. ಕಲ್ಲಿನ ಏಟಿಗೆ ಕೆಂಪು ಹಕ್ಕಿ ಕ್ಷಣದಲ್ಲಿ ಬಿತ್ತು. ಬಾಸ್‌ನ ಜೀವ ಕೂದಲೆಳೆಯಷ್ಟು ಉಳಿದುಬಿಟ್ಟಿತು. ಇನ್ನೊಂದೇ ಸಲಕ್ಕೆ ಸಮಯವಿತ್ತು.

"ಅವರಿಗೆ ಹೇಳು, ಆ ಹಕ್ಕಿಯನ್ನು ತೆಗೀಲಿಕ್ಕೆ" ಎಂದರು ಗಂಡ.

"ಅವನಿಗೆ ಹೇಳು, ಇವತ್ತು ಶುಕ್ರವಾರ" ಎಂದರು ಮಾವ.

ನನಗೆ ಎಲ್ಲಿತ್ತೋ ಸಿಟ್ಟು. "ನಾನು ಹೇಳುವುದಿಲ್ಲ. ಇಬ್ಬರಿಗೂ ಬಾಯಿ ಉಂಟಲ್ಲ, ನೀವು ನೀವೇ ಹೇಳಿಕೊಳ್ಳಿ" ಎಂದು ಫೋನನ್ನು ಬೆಂಚಿನ ಮೇಲಿಟ್ಟೆ.

ಪರದೆಯ ಮೇಲೆ ಸಮಯ ಇಳಿಯುತ್ತಲೇ ಇತ್ತು. ಪಕ್ಕದಲ್ಲಿ ಧರ್ಮಸ್ಥಳದ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಮಾವ ಬೆಂಚಿನ ಮೇಲಿನ ಫೋನಿನ ಹತ್ತಿರ ಸರಿದರು.

"ಮತ್ತೆ ಯಾವುದು ಬಿಡುವುದು, ಮಗಾ?"

ಆ ಕಡೆಯಿಂದ ಗಂಡನ ಸ್ವರ ಬಂತು. "ನೀರಿನದ್ದು ಅಪ್ಪ. ಆ ಆಮೆ ಉಂಟಲ್ಲ, ಅದನ್ನು ಮುಂದೆ ಹಾಕಿ. ಬೇಗ."

ಹಾಕಿದರು. ಸಮಯ ಮುಗಿಯುವ ಅಂಚಿನಲ್ಲಿ ಬಾಸ್ ಬಿತ್ತು. ಇನ್ನು ಪರದೆಯಲ್ಲಿ ಆಟದ ಚೆಂಡೆಸೆದು ಅದನ್ನು ಹಿಡಿಯುವುದೊಂದೇ ಬಾಕಿ. ಮಾವ ಎಸೆದರು, ಆದರೆ ಗಮನವೆಲ್ಲ ನನ್ನ ಫೋನಿನ ಮೇಲೆ. "ಊಟ ಸರಿ ಮಾಡ್ತೀಯಾ? ಅಲ್ಲಿ ಸೆಕೆ ಉಂಟಾ?" ಎಲ್ಲ ಚೆಂಡೂ ಗುರಿ ತಪ್ಪಿ ಬಾಸ್ ಓಡಿಹೋಯಿತು. ಅವರು ಅದನ್ನು ಗಮನಿಸಲೂ ಇಲ್ಲ.

ಆಮೇಲೆ ಪ್ರತಿ ಶುಕ್ರವಾರ ಅಪ್ಪ ಮಗನದು ಗಂಟೆಗಟ್ಟಲೆ ಮಾತು. ಮಾತೆಂದರೆ ಜಗಳ: ಯಾವ ಬಾಸ್‌ಗೆ ಯಾವುದನ್ನು ಬಿಡಬೇಕು ಎಂದು. ಯಾರಿಗೂ ಬಾಗಿದವರಲ್ಲ ನನ್ನ ಮಾವ. ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಮಾತಾಡಿದವರು ಅವರೇ. ಅದರ ಋಣ ನನ್ನ ಮೇಲಿದೆ.

ಕಳೆದ ವರ್ಷ ಅವರು ನಿದ್ದೆಯಲ್ಲೇ ಹೋದರು. ಗಂಡ ವಿಮಾನ ಹತ್ತಿ ಬರುವವರೆಗೆ ಎಲ್ಲರೂ ಕಾದೆವು. ಅಂಗಳದಲ್ಲಿ ದೂರದ ನೆಂಟರೊಬ್ಬರು, "ಪಾಪ, ಅಪ್ಪ ಮಗ ಮಾತಿಲ್ಲದೆಯೇ ಹೋಯಿತಲ್ಲ ಮಾರಾಯ" ಎಂದು ಮರುಗಿದರು.

"ಯಾರು ಹೇಳಿದ್ದು?" ಗಂಡ ಅವರತ್ತ ತಿರುಗಿದರು. "ಮೊನ್ನೆ ಶುಕ್ರವಾರವೂ ನಾವು ಜಗಳ ಮಾಡಿದ್ದೇವೆ."