ಗೋಬರ್ ಡ್ರಮ್ಮಿನ ಪಕ್ಕದ ಗೆರೆ

ನನ್ನದು ಅನುಮಾನದ ಸ್ವಭಾವ. ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಗೂ ಗೊತ್ತಾಗಿಬಿಡುತ್ತದೆ. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋದವನು ಮತ್ತೆ ಬಂದು ಜಗ್ಗುತ್ತೇನೆ. ಕೊಪ್ಪದಲ್ಲಿ ಸ್ವೆಟರ್ ಕೊಂಡರೆ ಒಂದು ಎಳೆ ಕಿತ್ತು, ಸುಟ್ಟು, ಮೂಸಿ, ಉಣ್ಣೆಯೇ ಹೌದೆಂದು ಖಾತ್ರಿ ಮಾಡಿಕೊಂಡ ಮೇಲೇ ತೊಡುವುದು. ಆ ಹೊತ್ತಿಗೆ ಅದರಲ್ಲೊಂದು ತೂತಾಗಿರುತ್ತದೆ.

ಇಂಥ ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ. ಅನಿಲಗಳ ಪಾಠ ಬಂದಾಗಲೆಲ್ಲ ನನಗೆ ಒಳಗೊಳಗೇ ಗುಮಾನಿ. ಕಣ್ಣಿಗೆ ಕಾಣದ ಕಣಗಳಂತೆ, ಒಂದು ಕ್ಷಣವೂ ಸುಮ್ಮನಿರದೆ ದಿಕ್ಕುದಿಕ್ಕಿಗೆ ಓಡುತ್ತವಂತೆ. ಪಾತ್ರೆಯ ಗೋಡೆಗೆ ಅವು ಬಡಿಯುವುದೇ ಒತ್ತಡವಂತೆ. ಕಾಯಿಸಿದರೆ ಜೋರಾಗಿ ಓಡುತ್ತವೆ, ತಣಿಸಿದರೆ ನಿಧಾನವಾಗುತ್ತವೆ. ಅಲ್ಲಿಯವರೆಗೆ ಒಪ್ಪಿಕೊಳ್ಳಬಹುದು. ಆದರೆ ಒಂದಕ್ಕೊಂದು ಡಿಕ್ಕಿ ಹೊಡೆದರೂ ಒಟ್ಟಿನಲ್ಲಿ ಏನೂ ನಷ್ಟವಾಗುವುದಿಲ್ಲ ಎನ್ನುತ್ತದೆ ಪುಸ್ತಕ. ನಮ್ಮ ಬೆಟ್ಟದಪುರದ ಸುತ್ತ ಹತ್ತು ಹಳ್ಳಿಯಲ್ಲಿ ಹುಡುಕಿದರೂ ಅಂಥ ಡಿಕ್ಕಿ ಸಿಕ್ಕುವುದಿಲ್ಲ. ನಮ್ಮಲ್ಲಿ ಇಬ್ಬರು ಡಿಕ್ಕಿ ಹೊಡೆದರೆ ಕಡೇಪಕ್ಷ ಮಾತಾದರೂ ನಿಂತುಹೋಗುತ್ತದೆ.

ನಮ್ಮ ಮನೆಯಲ್ಲಿ ಅದೇ ಆಗುವುದರಲ್ಲಿತ್ತು. ಅಣ್ಣನೂ ನಾನೂ ಬೇರೆಯಾದಾಗ ಮನೆಯ ನಡುವೆ ಗೋಡೆ ಬಂತು, ಹಿತ್ತಲಿನಲ್ಲಿ ಅದು ಎದೆಮಟ್ಟಕ್ಕೆ ನಿಂತಿತು, ಹಸುಗಳು ಹಂಚಿಹೋದವು. ಹಂಚಲಾಗದೆ ಉಳಿದದ್ದು ಹಿತ್ತಲಿನ ಗೋಬರ್ ಗ್ಯಾಸ್ ಒಂದೇ. ಇಬ್ಬರ ಕೊಟ್ಟಿಗೆಯ ಸಗಣಿಯೂ ಅದೇ ಗುಂಡಿಗೆ ಬೀಳುತ್ತಿತ್ತು. ಗುಂಡಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು ಗ್ಯಾಸು ತುಂಬಿದಂತೆ ಏಳುತ್ತಿತ್ತು, ಉರಿಸಿದಂತೆ ಇಳಿಯುತ್ತಿತ್ತು. ರಾತ್ರಿಯ ಮುದ್ದೆಗೆ ಎರಡೂ ಮನೆಯಲ್ಲಿ ಸೌದೆ ಒಲೆ. ಗ್ಯಾಸು ಬೆಳಗಿನ ಹೊತ್ತಿಗೆ ಮಾತ್ರ. ಅಡಿಗೆಮನೆ ಎರಡಾದರೂ ಬೆಳಗಿನ ಕಾಫಿ ಒಂದೇ ಆಗಿತ್ತು. ಎಲ್ಲರಿಗಿಂತ ಮೊದಲು ಏಳುವ ಅತ್ತಿಗೆ ಎರಡೂ ಮನೆಗೆ ಕಾಫಿ ಕಾಯಿಸಿ, ನನ್ನ ಲೋಟವನ್ನು ಆ ನಡುಗೋಡೆಯ ಮೇಲಿಡುತ್ತಿದ್ದರು. ಇಡೀ ಆಸ್ತಿಯಲ್ಲಿ ಪಾಲಾಗದೆ ಉಳಿದದ್ದು ಆ ಕಾಫಿಯೇ ಎಂದು ನನಗೆ ಆಮೇಲೆ ಹೊಳೆಯಿತು.

ಒಂದು ಮಾಗಿಯಲ್ಲಿ ಗಮನಿಸಿದೆ. ಸಂಜೆ ಸ್ಕೂಲಿನಿಂದ ಬರುವಾಗ ಎತ್ತರಕ್ಕೆ ನಿಂತಿರುತ್ತಿದ್ದ ಡ್ರಮ್ಮು ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಇಳಿದಿರುತ್ತಿತ್ತು. ಪಕ್ಕದ ಕಂಬದ ಮೇಲೆ ಡ್ರಮ್ಮಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬೆಳಿಗ್ಗೆ ನಾಲ್ಕು ಬೆರಳು ಕಮ್ಮಿ. ಮರುದಿನವೂ ನಾಲ್ಕು ಬೆರಳು. ಸಾಲಿಗ್ರಾಮದಿಂದ ಅತ್ತಿಗೆಯ ತವರಿನವರು ಬಂದುಹೋಗುತ್ತಿದ್ದ ಕಾಲ ಅದು. ಉಳಿದದ್ದನ್ನು ನನ್ನ ಬುದ್ಧಿಯೇ ಪೂರ್ತಿ ಮಾಡಿಕೊಂಡಿತು: ನಾವು ಮಲಗಿದ ಮೇಲೆ ಅತ್ತಿಗೆ ನೆಂಟರಿಗೆಂದು ಗ್ಯಾಸು ಉರಿಸುತ್ತಿದ್ದಾರೆ.

"ಅಕ್ಕ ಅಂತೋರಲ್ಲ ಕಣ್ರೀ. ಪೈಪ್ ಎಲ್ಲಾದ್ರೂ ಸೋರ್ತಿರ್ಬೇಕು, ನೋಡಿ" ಎಂದಳು ನನ್ನ ಹೆಂಡತಿ.

ಪೈಪಿನುದ್ದಕ್ಕೂ ಸೋಪಿನ ನೊರೆ ಬಳಿದು ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ನನಗೆ ನಿಜಕ್ಕೂ ಸಂತೋಷವಾಯಿತು. ಆ ಸಂಜೆಯೇ ದನ ಕಟ್ಟುವ ಸರಪಳಿಯನ್ನು ವಾಲ್ವಿಗೆ ಸುತ್ತಿ ಬೀಗ ಜಡಿದೆ. ಅತ್ತಿಗೆ ಸಗಣಿಯ ಮಂಕರಿ ಹಿಡಿದುಕೊಂಡು ನಿಂತು ನೋಡಿದರು. ಮಂಕರಿಯನ್ನು ಗುಂಡಿಗೆ ಸುರಿದು ಒಳಗೆ ಹೋದರು.

ಬೆಳಿಗ್ಗೆ ಬೀಗ ಹಾಕಿದಂತೆಯೇ ಇತ್ತು. ಡ್ರಮ್ಮು ನಾಲ್ಕು ಬೆರಳು ಇಳಿದಿತ್ತು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು ಅನ್ನುತ್ತೀರಿ. ಕಳ್ಳ ಬೀಗದಕೈ ಮಾಡಿಸಿದ್ದಾರೆ ಎಂದುಕೊಂಡೆ. ಕೀಲಿ ಕೇಳಲು ಯಾರೂ ಬರಲಿಲ್ಲ. ಗೋಡೆಯಾಚೆ ಸೌದೆಯ ಹೊಗೆ ಎದ್ದಿತು. ಗೋಡೆಯ ಮೇಲೆ ಲೋಟ ಇರಲಿಲ್ಲ.

ಕಾಫಿಯಿಲ್ಲದ ತಲೆನೋವಿನಲ್ಲೇ ಅಂದು ಒಂಬತ್ತನೇ ತರಗತಿಗೆ ಅದೇ ಅನಿಲಗಳ ಪಾಠ. ವರ್ಷಾವರ್ಷ ಮಾಡುವ ಪ್ರಯೋಗ: ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ ಬಿಸಿನೀರಿನಲ್ಲಿಟ್ಟೆ. ಬಲೂನು ಎದ್ದು ನಿಂತಿತು. ತಣ್ಣೀರಿಗೆ ಇಟ್ಟೆ. ಜೋತುಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಆ ಜೋತುಬಿದ್ದ ಬಲೂನನ್ನೇ ನೋಡುತ್ತಾ ನಿಂತೆ. ಬಾಟಲಿಯೊಳಗೆ ಯಾರ ತವರಿನವರೂ ಇರಲಿಲ್ಲ.

ಹಗಲೆಲ್ಲ ಬಿಸಿಲಿಗೆ ಕಾದ ಡ್ರಮ್ಮಿನೊಳಗೆ ಕಣಗಳು ಹುಚ್ಚೆದ್ದು ಓಡಿ ಅದನ್ನು ಮೇಲೆತ್ತುತ್ತವೆ. ಮಾಗಿಯ ಚಳಿಗೆ ಅವುಗಳ ಓಟ ಕುಗ್ಗುತ್ತದೆ, ಡ್ರಮ್ಮಿನ ಭಾರ ಮಾತ್ರ ಕುಗ್ಗುವುದಿಲ್ಲ. ಅದು ಇಳಿಯದೆ ಇನ್ನೇನು ಮಾಡೀತು? ಇದನ್ನು ಕರಿಹಲಗೆಯ ಮೇಲೆ ಎಷ್ಟು ವರ್ಷ ಬರೆದಿದ್ದೆ. ನನ್ನ ವಿದ್ಯೆ ಪುಸ್ತಕದ ಬದನೆಕಾಯಿ ಎಂದು ಅಷ್ಟು ಸ್ಪಷ್ಟವಾಗಿ ಬೇರೆ ಯಾವತ್ತೂ ಅನ್ನಿಸಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಾಳೆಯೂ ಆ ಗೋಡೆಯ ಮೇಲೆ ಲೋಟ ಇರುವುದಿಲ್ಲವೆಂದು ಹೆದರಿಕೆಯಾಯಿತು.

ಸಂಜೆ ಮೊದಲು ಬೀಗ ತೆಗೆದೆ. ಆಮೇಲೆ ಅತ್ತಿಗೆಯ ಮುಂದೆ ನಿಂತು ಕಣ, ಒತ್ತಡ, ಉಷ್ಣತೆ ಎಂದು ಒಪ್ಪಿಸತೊಡಗಿದೆ. ಅವರು ಅವರೆಕಾಯಿ ಬಿಡಿಸುತ್ತಾ ಕೇಳಿದರು.

"ಚಳೀಗೆ ನಾವೇ ಮುದುರ್ಕಂಡ್ ಮಲಗ್ತೀವಿ. ಗ್ಯಾಸ್ಗೇನ್ ಕಂಬ್ಳಿ ಒದ್ಸಿದ್ರಾ ಮೇಷ್ಟ್ರೇ?"

"ನಿಮ್ಗೆ ಗೊತ್ತಿತ್ತಾ ಅತ್ತಿಗೆ? ಮತ್ತೆ ಬೀಗ ಹಾಕೋವಾಗ ಯಾಕ್ ಹೇಳ್ಲಿಲ್ಲ?"

"ನೀವ್ ನನ್ನ ಕೇಳಿದ್ರಾ? ಗೆರೇನ ಕೇಳಿದ್ರಿ."

ತಪ್ಪಾಯ್ತು ಎಂದೆ. ಅವರು ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡರು.

ಮರುದಿನ ಬೆಳಿಗ್ಗೆ ಎದ್ದವನು ಡ್ರಮ್ಮಿನ ಕಡೆ ಹೋಗಲಿಲ್ಲ. ನೇರ ಗೋಡೆಯ ಹತ್ತಿರ ಹೋದೆ. ಲೋಟ ಇತ್ತು, ಹಬೆಯಾಡುತ್ತಿತ್ತು. ಹತ್ತಿರದಿಂದ ನೋಡಿದರೆ ಲೋಟದ ಹೊರಮೈಗೆ, ಕಾಫಿ ನಿಂತ ಮಟ್ಟಕ್ಕೆ ಸರಿಯಾಗಿ, ಸೀಮೆಸುಣ್ಣದ ಒಂದು ಗೆರೆ.

ಗೋಡೆಯಾಚೆಯಿಂದ ಅತ್ತಿಗೆಯ ದನಿ ಬಂತು: "ಬಿಸಿ ಇರೋವಾಗ್ಲೇ ಗೆರೆ ಎಳ್ದಿವ್ನಿ ಮೇಷ್ಟ್ರೇ. ಆರಿದ್ಮೇಲೆ ಕಮ್ಮಿ ಆದ್ರೆ ನನ್ನ ಕೇಳ್ಬ್ಯಾಡಿ."

ಆರಲು ಬಿಡಲಿಲ್ಲ. ನಾಲಿಗೆ ಸುಟ್ಟರೂ ಸರಿಯೆಂದು ನಿಂತಲ್ಲೇ ಕುಡಿದುಬಿಟ್ಟೆ.